ಆಟಕ್ಕೆ ಬೆನ್ನು ತಿರುಗಿಸಿ ನಿಂತ ದಿನ

ಅಂದು ಬೆಳಿಗ್ಗೆ ನಳಕ್ಕೆ ನೀರು ಬರುವ ಮೊದಲೇ ಎದ್ದು ಹಿತ್ತಲಲ್ಲಿ ಕೂತಿದ್ದೆ. ಡೆನ್ಮಾರ್ಕಿನಿಂದ ಮರಳಿ ವಾರವಾಗಿದ್ದರೂ ನಿದ್ದೆ ಇನ್ನೂ ಅಲ್ಲಿಯ ಗಡಿಯಾರವನ್ನೇ ಹಿಡಿದುಕೊಂಡಿತ್ತು. ನೀರು ಬಂತು, ಹಂಡೆ, ಕೊಡ ತುಂಬಿಸಿದೆ. ಅತ್ತೆಯವರ ಲಿಂಗಪೂಜೆಗೆ ಪತ್ರಿ ತೊಳೆದಿಟ್ಟೆ. ಚಪಾತಿಗೆ ಕಣಕ ನಾದಿ ಮುಚ್ಚಿಟ್ಟೆ. ಆಮೇಲೆ ಅಲ್ಲಿಯ ಕೋಚಿಂಗ್ ಕೋರ್ಸಿನಲ್ಲಿ ಕೊಟ್ಟಿದ್ದ ನೀಲಿ ಟ್ರ್ಯಾಕ್‌ಸೂಟಿಗೆ ಇಸ್ತ್ರಿ ಮಾಡಿದೆ. ಮಡಚಿಟ್ಟು, ಬಿಚ್ಚಿ, ಮತ್ತೊಮ್ಮೆ ಮಾಡಿದೆ. ತೋಳಿನ ಹೊಲಿಗೆಯಿಂದ ಒಂದು ಬಿಳಿ ದಾರ ಹೊರಗೆ ಇಣುಕುತ್ತಿತ್ತು. ಅದನ್ನು ಹಲ್ಲಿನಿಂದ ಕಡಿದೆ.

ಅತ್ತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಾಗಿಲಿಗೆ ಬಂದು ನಿಂತರು.

"ಇವತ್ತ ಇದನ್ನ ಹಾಕ್ಕೊಂಡ ಹೋಗಾಕಿ ಏನವಾ?"

"ಇನ್ನೂ ವಿಚಾರ ಮಾಡಾಕತ್ತೇನ್ರಿ."

"ಅದರಾಗೇನ ವಿಚಾರ? ಇಷ್ಟ ದಿನ ಸೀರಿ ಉಟಗೊಂಡ ಕಲಿಸಿದಿ. ಚೆಂಡೇನ ನಿನ್ನ ಸೀರಿ ನೋಡಿ ಓಡಿ ಹೋಗಿತ್ತೇನ?"

ಒಳಗೆ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ನಕ್ಕರು. "ಅವ್ವಾ, ಜ್ವಾಕಿ. ಅಕಿ ಈಗ ಫಾರಿನ್ನಿಂದ ಬಂದಾಕಿ. ಸೀಟಿ ಊದಿ ನಿನ್ನ ಹೊರಗ ಹಾಕಿಗೀಕ್ಯಾಳು."

ಸೀರೆಯನ್ನೇ ಉಟ್ಟೆ. ಕಾಲಿಗೆ ಯಾವಾಗಿನ ಬಿಳಿ ಕ್ಯಾನ್ವಾಸ್ ಬೂಟು. ಟ್ರ್ಯಾಕ್‌ಸೂಟು ಕುರ್ಚಿಯ ಬೆನ್ನಿನ ಮೇಲೆ ಉಳಿಯಿತು.

ಈ ಚಡಪಡಿಕೆಗೆ ಕಾರಣವಿತ್ತು. ನಾನು ಮಿರಜದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹ್ಯಾಂಡ್‌ಬಾಲ್ ಕಲಿಸುತ್ತಿದ್ದೆ. ನಾನು ಪರದೇಶದಲ್ಲಿದ್ದಾಗಲೇ ಆ ಶಾಲೆಯನ್ನು ನಡೆಸುತ್ತಿದ್ದ ಸಂಸ್ಥೆ ಸಾಂಗ್ಲಿಯ ಇನ್ನೊಂದು ಸಂಸ್ಥೆಯಲ್ಲಿ ವಿಲೀನವಾಗಿಬಿಟ್ಟಿತ್ತು. ಸಾಂಗ್ಲಿ, ಮಿರಜ ಊರುಗಳೇ ಒಂದು ಮಹಾನಗರಪಾಲಿಕೆಯ ಕೆಳಗೆ ಬಂದ ಕಾಲ ಅದು. ಎಲ್ಲಿ ನೋಡಿದರೂ ಎರಡು ಬೋರ್ಡು ಇಳಿಸಿ ಒಂದು ಬೋರ್ಡು ಏರಿಸುತ್ತಿದ್ದರು. ಇಬ್ಬರು ಗುಮಾಸ್ತರಿದ್ದಲ್ಲಿ ಒಬ್ಬ, ಎರಡು ವಾಚನಾಲಯವಿದ್ದಲ್ಲಿ ಒಂದು. ಹಾಗೆಯೇ ಎರಡು ತಂಡವಿದ್ದಲ್ಲಿ ಒಂದು ತಂಡ, ಒಬ್ಬರೇ ಕೋಚ್. ಅಂದು ಸಂಜೆ ಹೊಸ ಆಡಳಿತ ಮಂಡಳಿಯವರು ಸಾಂಗ್ಲಿಯ ಮೈದಾನದಲ್ಲಿ ಎರಡೂ ಕಡೆಯ ಹುಡುಗಿಯರನ್ನು ಆಡಿಸಿ ನೋಡಿ, ತಂಡ ಯಾರ ಕೈಗೆಂದು ತೀರ್ಮಾನಿಸುವವರಿದ್ದರು. ಸಾಂಗ್ಲಿಯ ಕೋಚ್ ಜಾಧವ ಸರ್ ಉಳಿಯುತ್ತಾರೆ, ಮಿರಜದಿಂದ ಇಬ್ಬರು ಮೂವರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಬಿಡುತ್ತಾರೆ ಎಂಬ ಸುದ್ದಿ ನಾನು ವಿಮಾನ ಇಳಿಯುವ ಮೊದಲೇ ನಮ್ಮ ಮನೆ ಮುಟ್ಟಿತ್ತು. ನನ್ನದು ಹೋದರೆ ಹೋಗಲಿ, ನನಗೆ ಮನೆಯಿತ್ತು, ಅಡುಗೆಯಿತ್ತು. ಹುಡುಗಿಯರಿಗೆ ಆಟ ಬಿಟ್ಟರೆ ಸಂಜೆ ಮನೆಯಿಂದ ಹೊರಗೆ ಬರಲು ಬೇರೆ ಯಾವ ನೆಪವೂ ಇರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳು ಈಗಲೂ ನನ್ನನ್ನು ಕೇಳುತ್ತಾರೆ, ನೀವು ಕೋಚ್ ಆದದ್ದು ಹೇಗೆ ಎಂದು. ನಿಜ ಹೇಳಬೇಕೆಂದರೆ ಆಗಬೇಕೆಂದು ಆದದ್ದಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳು ನಮ್ಮನ್ನು ದಿನಾ ಸಂಜೆ ಅಂಗಳಕ್ಕೆ ಅಟ್ಟಿ ಚೆಂಡು ಆಡಿಸುತ್ತಿದ್ದರು. ಮದುವೆಯಾಗಿ ಮಹಾರಾಷ್ಟ್ರದ ಸಾಂಗ್ಲಿಗೆ ಬಂದೆ. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲ, ಅರಿಶಿನ ವ್ಯಾಪಾರದ ಮನೆ. ಕಾನ್ವೆಂಟಿನಲ್ಲಿ ನನಗಿಂತ ಮುಂದಿದ್ದ ಒಬ್ಬರು ಮಿರಜದ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿ ಬಂದರು. ಅವರ ಆಟದ ಶಿಕ್ಷಕಿ ಕೆಲಸ ಬಿಟ್ಟು ಹೋಗಿದ್ದರು. "ಸಂಜೆ ಬಂದು ಹುಡುಗಿಯರ ಜೊತೆ ಸುಮ್ಮನೆ ನಿಂತುಕೋ ಸಾಕು" ಎಂದರು. ನಿಂತುಕೊಳ್ಳಲು ಹೋದವಳು ಅಲ್ಲೇ ಉಳಿದೆ. ಹುಡುಗಿಯರು ನನ್ನನ್ನು ಮ್ಯಾಡಮ್ ಎನ್ನಲಿಲ್ಲ. ಕಾಕು ಎಂದರು, ಮನೆಯ ಚಿಕ್ಕಮ್ಮನನ್ನು ಕರೆಯುವ ಹಾಗೆ.

ಆಟದ ಪುಸ್ತಕದಲ್ಲಿದ್ದ ಇಂಗ್ಲಿಷ್ ಹೆಸರುಗಳು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ, ನನ್ನ ತಲೆಯಲ್ಲೂ ನಿಲ್ಲುತ್ತಿರಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದ ಹೆಸರುಗಳನ್ನೇ ಕೊಟ್ಟೆ. ಚೆಂಡು ಸಿಕ್ಕ ಕೂಡಲೇ ತಡಮಾಡದೆ ಎದುರಿನ ಗೋಲಿನತ್ತ ಎಸೆಯಬೇಕಾದರೆ "ಒಗ್ಗರಣಿ". ಎಲ್ಲರೂ ಒಬ್ಬರಿಂದ ಒಬ್ಬರು ದೂರ ಸರಿದು ಮೈದಾನದ ಅಗಲಕ್ಕೆ ಹರಡಬೇಕಾದರೆ "ರೊಟ್ಟಿ ತಟ್ಟ". ಎದುರಿನವರು ಚೆಂಡು ಹಿಡಿದು ನುಗ್ಗಿ ಬಂದರೆ, ಎಲ್ಲಿದ್ದರೂ ಬಿಟ್ಟು ಹಿಂದಕ್ಕೆ ಓಡಿ ಬರಬೇಕಾದರೆ "ಉಕ್ಕೇತಿ". ಒಲೆಯ ಮೇಲೆ ಹಾಲು ಉಕ್ಕಿದರೆ ಹೇಗೆ ಓಡುತ್ತೀರೋ ಹಾಗೆ ಎಂದಿದ್ದೆ. ಬೇರೆ ವಿವರಣೆ ಬೇಕಾಗಲಿಲ್ಲ. ನಮ್ಮ ಹುಡುಗಿಯರು ಬಹಳಷ್ಟು ಮಂದಿ ಲಿಂಗನೂರಿನ ಕಡೆಯ ಕನ್ನಡದ ಮನೆಗಳಿಂದ ಬರುವವರು. ನಾಯಕಿ ಕಸ್ತೂರಿಯ ಮನೆಯಲ್ಲಿ ಕುರಿ ಹಿಂಡಿತ್ತು. ಅವಳ ಎಸೆತಕ್ಕೆ ಕುರಿ ತರುಬಿ ಬಂದ ಬಲವಿತ್ತು. ಎದುರಿನ ತಂಡಗಳೆಲ್ಲ ಮರಾಠಿಯವು. ನಾವು ಕನ್ನಡದಲ್ಲಿ ಕೂಗುವುದು ಯಾರಿಗೂ ತಿಳಿಯುವುದಿಲ್ಲ, ಇದು ನಮ್ಮ ಗುಟ್ಟು ಎಂದು ಹುಡುಗಿಯರಿಗೆ ಬಲು ಹೆಮ್ಮೆ. ನನಗೂ.

ಕೊಲ್ಹಾಪುರದ ಕಡೆಯ ತಂಡಗಳನ್ನು ಸೋಲಿಸುತ್ತಿದ್ದೆವು, ಸಾತಾರದವರನ್ನು ಸೋಲಿಸುತ್ತಿದ್ದೆವು. ಸಾಂಗ್ಲಿಯ ಎದುರು ಮಾತ್ರ ಪ್ರತಿ ವರ್ಷ ಸೋಲು. ಜಾಧವ ಸರ್ ಒಳ್ಳೆಯ ಆಟಗಾರರಾಗಿದ್ದವರು, ಹುಡುಗಿಯರನ್ನು ನಸುಕಿನಲ್ಲೇ ಓಡಿಸುತ್ತಿದ್ದರು. ಅವರ ತಯಾರಿಯೇ ಹಾಗೆ ಎಂದು ನಾನೂ ಒಪ್ಪಿಕೊಂಡುಬಿಟ್ಟಿದ್ದೆ. ಸಾಂಗ್ಲಿಯ ಆಟಗಾರ್ತಿ ವೈಶಾಲಿ ನಮ್ಮ ಪಕ್ಕದ ಮನೆಯ ಮಾಲನ ಎಂಬ ಅಜ್ಜಿಯ ಮೊಮ್ಮಗಳು; ಅವರನ್ನು ನಾನು ಮಾವಶಿ, ಎಂದರೆ ಚಿಕ್ಕಮ್ಮ ಎಂದೇ ಕರೆಯುವುದು. ನಾನು ಸೋತು ಗೇಟು ತೆಗೆಯುವಾಗ ಮಾವಶಿ ಗೋಡೆಯ ಆಚೆಯಿಂದ "ಆತೇನ?" ಎಂದಷ್ಟೇ ಕೇಳುತ್ತಿದ್ದರು. ಅದಕ್ಕಿಂತ ಬೈದಿದ್ದರೆ ಹಿತವಾಗಿರುತ್ತಿತ್ತು.

ಪರದೇಶದ ಕೋರ್ಸಿಗೆ ಒಂದು ಜಾಗವಿದೆ ಎಂದು ತಿಳಿದಾಗ ಎಲ್ಲರೂ ಜಾಧವ ಸರ್ ಹೋಗುತ್ತಾರೆಂದೇ ಅಂದುಕೊಂಡಿದ್ದರು. ಪುಣೆಯ ಸಂದರ್ಶನವೆಲ್ಲ ಇಂಗ್ಲಿಷಿನಲ್ಲಿ. ಸರ್‌ಗೆ ಆಟ ಗೊತ್ತಿತ್ತು, ಇಂಗ್ಲಿಷ್ ಅಷ್ಟಾಗಿ ಇರಲಿಲ್ಲ. ನನಗೆ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಇತ್ತು. ಹಾಗೆ ಆಯ್ಕೆಯಾದೆ. ಸರ್ ಅಭಿನಂದನೆ ಹೇಳಿದರು, ಆದರೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಹೇಳಿದರು.

ಅಲ್ಲಿಯ ಮೊದಲ ದಿನವೇ ನಗೆಪಾಟಲಾದೆ. ನಾವು ಆಡುತ್ತಿದ್ದದ್ದು ಮಣ್ಣಿನ ಮೇಲೆ. ಅಲ್ಲಿ ದೊಡ್ಡ ಹಾಲ್, ಕನ್ನಡಿಯಂತೆ ಹೊಳೆಯುವ ಮರದ ನೆಲ. ಯಾರೋ ಈಗಷ್ಟೇ ಒರೆಸಿದ ದೇವರ ಕೋಣೆಯ ಹಾಗಿತ್ತು. ಬಾಗಿಲಲ್ಲಿ ಬೂಟು ಬಿಚ್ಚಿ, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರೀ ಸಾಕ್ಸಿನಲ್ಲಿ ಒಳಗೆ ಹೋದೆ. ನಾಲ್ಕು ಹೆಜ್ಜೆಗೆ ಜಾರಿ ಬಿದ್ದೆ. ಏಳಲು ನೋಡಿದರೆ ಸಾಕ್ಸು ನೆಲಕ್ಕೆ ಅಂಟಿಕೊಂಡಿದೆ! ಚೆಂಡು ಕೈಯಿಂದ ಜಾರದಿರಲೆಂದು ಆಟಗಾರರು ಅಲ್ಲಿ ಬೆರಳಿಗೆ ಒಂದು ಬಗೆಯ ಅಂಟು ಹಚ್ಚಿಕೊಳ್ಳುತ್ತಾರೆ. ಅದು ನೆಲದ ಮೇಲೂ ಅಲ್ಲಲ್ಲಿ ಬಿದ್ದಿರುತ್ತದೆ. ಒಂದು ಕಾಲು ಜಾರುತ್ತಿದೆ, ಇನ್ನೊಂದು ಬರುವುದಿಲ್ಲ ಎನ್ನುತ್ತಿದೆ. ನಮಗೆ ಕಲಿಸುತ್ತಿದ್ದ ಇಂಗೆ ಎಂಬ ಎತ್ತರದ ಹೆಂಗಸು ಕೈ ಕೊಟ್ಟು ಎಬ್ಬಿಸಿದರು. ನಗಲಿಲ್ಲ. ನಾನು ನೆಲ ಮುಟ್ಟಿದ್ದು ಯಾಕೆ ಎಂದು ಮಾತ್ರ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡರು.

ಆದರೆ ನಾನು ಮರೆಯಲಾರದ್ದು ಇನ್ನೊಂದು ದಿನ. ಆ ಊರಿನ ಮಕ್ಕಳಿಗೆ ನಾವೆಲ್ಲ ಸರದಿಯ ಮೇಲೆ ಆಟ ಕಲಿಸಿ ತೋರಿಸಬೇಕಿತ್ತು. ನನ್ನ ಸರದಿಯಲ್ಲಿ ಗೆರೆಯ ಪಕ್ಕ ಆಚೆ ಈಚೆ ಓಡುತ್ತ ಕೂಗಿದ್ದೇ ಕೂಗಿದ್ದು. ಮುಗಿದ ಮೇಲೆ ಇಂಗೆ ಮೆಲ್ಲಗೆ ಕೇಳಿದರು:

"ನೀವು ಕೂಗುತ್ತಿದ್ದದ್ದು ಯಾವ ಭಾಷೆ?"

ಇಂಗ್ಲಿಷಿನಲ್ಲಿ ಕೂಗುತ್ತಿದ್ದೇನೆಂದು ನಾನು ತಿಳಿದಿದ್ದೆ. ಪೂರ್ತಿ ಕನ್ನಡದಲ್ಲಿ ಕೂಗಿದ್ದೆನಂತೆ. ನಾಚಿಕೆಯಾಗಿ ಕ್ಷಮೆ ಕೇಳಿದೆ.

"ಕ್ಷಮೆ ಬೇಡ. ಮಕ್ಕಳಿಗೆ ಒಂದು ಮಾತೂ ತಿಳಿಯಲಿಲ್ಲ, ಆದರೂ ಚೆನ್ನಾಗಿಯೇ ಆಡಿದರು. ಹಾಗಾದರೆ ನೀವು ಕೂಗಿದ್ದು ಯಾರಿಗೋಸ್ಕರ?"

ಮರುದಿನ ಅವರು ನಮ್ಮನ್ನೆಲ್ಲ ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಹಿಂದೆ ಪಂದ್ಯ ನಡೆಯುತ್ತಿತ್ತು. ನೋಡುವ ಹಾಗಿಲ್ಲ, ಕೇಳಬೇಕು. ಯಾರು ಯಾರನ್ನು ಕರೆಯುತ್ತಾರೆ, ಯಾರು ಬಾಯಿ ಬಿಡುವುದೇ ಇಲ್ಲ, ಯಾರ ಕರೆಗೆ ಉತ್ತರ ಬರುವುದಿಲ್ಲ ಎಂಬುದನ್ನು ಕಿವಿಯಿಂದಲೇ ಹೇಳಬೇಕು. ಮೊದಮೊದಲು ನನಗೆ ಬೂಟಿನ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕೋರ್ಸು ಮುಗಿಯುವ ಹೊತ್ತಿಗೆ, ಒಬ್ಬಳು ಸುಮ್ಮನಾದದ್ದು ಕೂಡ ಕೇಳಿಸತೊಡಗಿತ್ತು. ಅವರ ವ್ಯಾಯಾಮ, ಅವರ ಅಂಟು, ಅವರ ನೆಲ ಯಾವುದನ್ನೂ ನಾನು ಮಿರಜಕ್ಕೆ ತರುವಂತಿರಲಿಲ್ಲ. ಇದೊಂದನ್ನು ತಂದೆ.

ಅಂದು ಮಧ್ಯಾಹ್ನ ಮಿರಜಕ್ಕೆ ಹೋಗಿ, ಹುಡುಗಿಯರನ್ನು ಕರೆದುಕೊಂಡು ಸಿಟಿ ಬಸ್ಸಿನಲ್ಲಿ ಸಾಂಗ್ಲಿಗೆ ಬಂದೆ. ಎಂದೂ ಗದ್ದಲ ಮಾಡುವವರು ಅಂದು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಒಬ್ಬಳು ಮೊಣಕಾಲಿನ ಗಾಯದ ಸಿಪ್ಪೆ ಕೀಳುತ್ತಿದ್ದಳು. ಕೈ ಹಿಡಿದು ತಡೆದೆ. ಕಸ್ತೂರಿ ಕೇಳಿದಳು:

"ಕಾಕು, ನಮ್ಮನ್ನ ಬಿಟ್ಟರ ನೀವು ಬ್ಯಾರೇ ಟೀಮ್ ಮಾಡ್ತೀರಿ?"

"ಬಿಡ್ತಾರಂತ ಯಾರ ಹೇಳಿದ್ರು ನಿನಗ?"

"ಎಲ್ಲಾರೂ ಹೇಳಾಕತ್ತಾರ. ನಮ್ಮಪ್ಪ ಅಂದ, ಟೀಮ್‌ನ್ಯಾಗ ಇದ್ದರ ಸಾಂಗ್ಲಿಗೆ ಹೋಗು, ಇಲ್ಲಂದ್ರ ಸಾಲಿ ಬಿಟ್ಟಕೂಡ್ಲೆ ಮನೀಗ ಬಾ, ಕುರಿ ಕೂಡ ಹೋಗಾಕ ಮಂದಿಲ್ಲ ಅಂತ."

ಅವಳ ಜಡೆಯ ರಿಬ್ಬನ್ ಸಡಿಲವಾಗಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದೆ. ನಾವು ಇಳಿಯುವ ವಿಶ್ರಾಮಬಾಗ ಸ್ಟಾಪ್ ಬರುವವರೆಗೂ ಕಟ್ಟುತ್ತಲೇ ಇದ್ದೆನೇನೋ.

ಮೈದಾನದ ಬದಿಯ ಬೇವಿನ ಮರದ ಕೆಳಗೆ ಮಂಡಳಿಯವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಿಂದೆ ಸ್ಟೋವಿನ ಮೇಲೆ ಚಹಾ. ಅಧ್ಯಕ್ಷರು ನಮ್ಮಂತೆಯೇ ಕನ್ನಡದ ವ್ಯಾಪಾರಸ್ಥರು, ಮನೆಯವರ ಪರಿಚಯದವರು. "ಬರ್ರಿ, ಕುಂದ್ರಿ, ಚಾ ತಗೋರಿ" ಎಂದರು. ಕೂರಲು ಮನಸ್ಸಿರಲಿಲ್ಲ.

ಜಾಧವ ಸರ್‌ಗೆ ಕನ್ನಡ ಬರುತ್ತಿರಲಿಲ್ಲ. ಅವರ ಮರಾಠಿಯನ್ನೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಅವರು ವಹಿನಿ, ಎಂದರೆ ಅತ್ತಿಗೆ ಎನ್ನುತ್ತಿದ್ದರು. "ವಹಿನಿ, ಸಾಂಗ್ಲಿ ಒಂದು ಕಡೆ, ಮಿರಜ ಒಂದು ಕಡೆ. ಆಡಲಿ. ಯಾರು ಏನೆಂದು ಎಲ್ಲರಿಗೂ ಕಾಣುತ್ತದೆ" ಎಂದರು.

"ಅದನ್ನು ಪ್ರತಿ ವರ್ಷ ಎಲ್ಲರೂ ನೋಡಿದ್ದಾರಲ್ಲ ಸರ್. ಇನ್ನು ಒಂದೇ ತಂಡವಾಗಬೇಕೆಂದರೆ ಬೆರೆಸಿ ಆಡಿಸೋಣ. ಎರಡೂ ಬದಿಗೆ ಅರ್ಧ ನಿಮ್ಮವರು, ಅರ್ಧ ನಮ್ಮವರು."

ಅವರಿಗೆ ಇಷ್ಟವಾಗಲಿಲ್ಲ. ಅಧ್ಯಕ್ಷರು ಹೂಂ ಎಂದುಬಿಟ್ಟರು. ಕಸ್ತೂರಿ ಮತ್ತು ವೈಶಾಲಿ ಒಂದೇ ಬದಿಗೆ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ಪಕ್ಕದ ಹೊಲದ ಎಮ್ಮೆಯನ್ನು ನೋಡಿದಂತೆ ನೋಡಿದರು.

ಆಟ ಶುರುವಾಯಿತು. ಅದಕ್ಕೆ ಆಟ ಎನ್ನುವಂತಿರಲಿಲ್ಲ. ನಮ್ಮವಳು ನಮ್ಮವಳಿಗೇ ಎಸೆಯುತ್ತಾಳೆ, ಸಾಂಗ್ಲಿಯವಳು ಸಾಂಗ್ಲಿಯವಳಿಗೇ. ಖಾಲಿ ನಿಂತವಳ ಕೈಗೆ ಚೆಂಡು ಬರುವುದೇ ಇಲ್ಲ. ಜಾಧವ ಸರ್ ಗೆರೆಯ ಆಚೆಯಿಂದ ಕೂಗುತ್ತಿದ್ದರು. ನನ್ನ ಬಾಯಿಗೂ ಮಾತು ಬಂದಿತ್ತು, ನುಂಗಿಕೊಂಡೆ. ತಿರುಗಿ, ಮೈದಾನಕ್ಕೆ ಬೆನ್ನು ಮಾಡಿ, ಶಾಲೆಯ ಗೋಡೆಗೆ ಮುಖಮಾಡಿ ನಿಂತೆ.

ಕುರ್ಚಿಗಳ ಕಡೆ ಗುಸುಗುಸು. ಅಧ್ಯಕ್ಷರ ದನಿ: "ಏನ್ರಿ ಇದು? ನಮ್ಮ ಮ್ಯಾಲ ಸಿಟ್ಟಾದ್ರೇನ?"

"ಇಲ್ರಿ. ಕೇಳಾಕತ್ತೇನಿ."

"ನಾವೇನ ಹೇಳಾಕತ್ತೇವಿ?"

"ನೀವಲ್ರಿ, ಹುಡುಗ್ಯಾರು."

ಗೋಡೆಗೆ ಹೊಸ ಸುಣ್ಣ ಬಳಿದಿದ್ದರು. ಹಳೆಯ ಹೆಸರಿನ ಅಕ್ಷರಗಳು ಸುಣ್ಣದ ಅಡಿಯಲ್ಲಿ ನೀಲಿಯಾಗಿ ಕಾಣುತ್ತಿದ್ದವು. ಅವನ್ನೇ ನೋಡುತ್ತ ಕಿವಿ ಹಿಂದಿಟ್ಟೆ. ಕಸ್ತೂರಿಯ ದನಿ: "ರೊಟ್ಟಿ ತಟ್ಟ, ರೊಟ್ಟಿ ತಟ್ಟ!" ಸಾಂಗ್ಲಿಯವರದು ಮರಾಠಿಯಲ್ಲಿ: "ಇಕಡೆ, ಇಕಡೆ!" ಎರಡು ಬೇರೆ ಓಣಿಯ ಗದ್ದಲದ ಹಾಗೆ ಒಂದಕ್ಕೊಂದು ತಾಗದೆ ಹೋಗುತ್ತಿದ್ದವು. ಇಷ್ಟೇ ಎಂದುಕೊಂಡೆ. ಇನ್ನು ತಿರುಗಿ ಕ್ಷಮೆ ಕೇಳಿ ಮನೆಗೆ ಹೋಗುವುದು.

ಆಗ ಕೇಳಿಸಿತು.

"ಉಕ್ಕೇತಿ! ಏ, ಉಕ್ಕೇತಿ!"

ಅದು ನಮ್ಮ ಹುಡುಗಿಯ ದನಿಯಲ್ಲ. ತೆಳ್ಳಗೆ, ಮೂಗಿನಲ್ಲಿ ಬರುವ ದನಿ. ದಿನಾ ಬೆಳಿಗ್ಗೆ ಪಕ್ಕದ ಮನೆಯಿಂದ "ಆಜಿ, ಚಹಾ ದೇ" ಎಂದು ಅಜ್ಜಿಯನ್ನು ಕೇಳುವ ದನಿ. ಅದರ ಹಿಂದೆಯೇ ಕಾಲುಗಳ ಸದ್ದು. ಎಲ್ಲ ಕಾಲುಗಳೂ, ನಮ್ಮವರವೂ ಅವರವೂ, ಒಂದೇ ಕಡೆಗೆ ಓಡಿದ ಸದ್ದು. ಅಧ್ಯಕ್ಷರು ಗಾಬರಿಯಾಗಿ ಸ್ಟೋವಿನವನಿಗೆ, "ಎಲ್ಲಿ? ಚಾ ಕೆಳಗಿಳಿಸೋ!" ಎಂದರು.

ತಿರುಗಿದೆ. ವೈಶಾಲಿ ಚೆಂಡು ಕಸಿದಿದ್ದಳು. ಕಸ್ತೂರಿ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದಳು. ಸೀಟಿ ಊದಿ ಆಟ ನಿಲ್ಲಿಸಿ, ವೈಶಾಲಿಯನ್ನು ಕರೆದೆ.

"ನಿನಗೆ ಅದು ಹೇಗೆ ಗೊತ್ತು?"

ಅವಳು ಮರಾಠಿಯಲ್ಲಿ ಹೇಳಿದಳು, ಚಪ್ಪಲಿ ಎಲ್ಲಿಟ್ಟಿದ್ದೇನೆ ಎಂದು ಹೇಳುವಷ್ಟು ಸಹಜವಾಗಿ: "ಮೊದಲಿನಿಂದಲೂ ಗೊತ್ತು ಕಾಕು. ಆಜಿ ಮನೆಯಲ್ಲಿ ಕನ್ನಡದಲ್ಲೇ ಬೈಯುತ್ತಾಳಲ್ಲ. ನಮ್ಮ ತಂಡದಲ್ಲಿ ಅರ್ಧ ಜನರ ಮನೆಯಲ್ಲಿ ಹಾಗೇ. ಎರಡು ಆಟ ನೋಡಿದರೆ ಯಾವುದಕ್ಕೆ ಯಾವ ಮಾತು ಎಂದು ತಿಳಿಯದೇ? ಇವರು ಒಗ್ಗರಣಿ ಅಂತ ಕೂಗಿದರೆ ನಾವು ಮೊದಲೇ ಗೋಲಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆವು."

ಮಾವಶಿ ಕನ್ನಡದಲ್ಲಿ ಕೇಳುವುದು, ಹುಡುಗಿ ಮರಾಠಿಯಲ್ಲಿ ಉತ್ತರಿಸುವುದು ನಾನು ದಿನಾ ಗೋಡೆಯ ಈಚೆಯಿಂದ ಕೇಳುತ್ತಿದ್ದದ್ದೇ. ಕೇಳುತ್ತಿದ್ದೆ, ಅಷ್ಟೇ.

"ಅಂದ್ರ ನಾವು ಇಷ್ಟ ವರ್ಷ ಸುಮ್ಮ ಒದರಿದ್ವೇನ?" ಎಂದಳು ಕಸ್ತೂರಿ, ಅಳುವುದೋ ಹೊಡೆಯುವುದೋ ತಿಳಿಯದೆ.

ಆಗ ವೈಶಾಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು, ಒಂದೊಂದೇ ಶಬ್ದ ಹುಡುಕಿ: "ಸುಮ್ಮ ಅಲ್ಲ. ನಮಗ... ಭಾಳ ಉಪಯೋಗ ಆತು."

ಆಮೇಲೆ ಕಸ್ತೂರಿ ಚೆಂಡನ್ನು ಅವಳ ಹೊಟ್ಟೆಗೆ ಗುರಿಯಿಟ್ಟು ಎಸೆದಳು, ಅವಳು ಹಿಡಿದಳು, ಇಬ್ಬರೂ ನಗತೊಡಗಿದರು. ಜಾಧವ ಸರ್ ಮಾತ್ರ ನಗಲಿಲ್ಲ. ಏನಾಯಿತೆಂದು ತಮ್ಮ ಹುಡುಗಿಯರನ್ನು ಕೇಳಿ ತಿಳಿದುಕೊಂಡರು. ಪ್ರತಿ ವರ್ಷದ ಗೆಲುವು ನಸುಕಿನ ಓಟದ್ದೆಂದು ಅವರು ನಂಬಿದ್ದರು, ನಾನೂ ನಂಬಿದ್ದೆ. ಅವರು ನನ್ನ ಕಡೆ ನೋಡಿದಾಗ, ನಾವಿಬ್ಬರೂ ಒಂದೇ ಅಂಗಡಿಯಲ್ಲಿ ಮೋಸಹೋದ ಗಿರಾಕಿಗಳ ಹಾಗಿದ್ದೆವು.

ಉಳಿದ ಆಟ ನೋಡುವಂತಿತ್ತು. ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂದು ಮಂಡಳಿಯವರಿಗೆ ಗುರುತೇ ಸಿಗಲಿಲ್ಲ. ಮುಗಿದ ಮೇಲೆ ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ ಹೇಳಿದರು: "ಪರದೇಶದ ಶಿಕ್ಷಣ ಅಂದ್ರ ಇದ ನೋಡ್ರಿ! ಬೆನ್ನ ಮಾಡಿ ನಿಂತು ಎರಡು ಸಾಲಿ ಒಂದ ಮಾಡಿದ್ರು."

ಇದು ಕೋರ್ಸಿನದಲ್ಲ, ಅಜ್ಜಿಯರದು ಎಂದು ಹೇಳಲು ಬಾಯಿ ತೆರೆದೆ. ಅವರಾಗಲೇ ಎದ್ದು ಮರದ ಆಚೆ ಹೋಗಿ ಮಾತಾಡಿಕೊಂಡು ಬಂದರು. ಹುಡುಗಿಯರ ತಂಡ ನನ್ನ ಕೈಗೆ, ಸಂಸ್ಥೆಯಲ್ಲಿದ್ದ ಹುಡುಗರ ತಂಡ ಜಾಧವ ಸರ್ ಕೈಗೆ. ಆರಿಸುವುದು ಆಟ ನೋಡಿ, ಶಾಲೆ ನೋಡಿ ಅಲ್ಲ. ಕಸ್ತೂರಿ ಕೂಗಿ ಹಾರಿದಳು. ನನಗೆ ಹಾರುವಂತೆ ಅನಿಸಲಿಲ್ಲ. ತಂಡದಲ್ಲಿ ಜಾಗ ಮೊದಲಿನಷ್ಟೇ, ಹುಡುಗಿಯರು ಎರಡು ಪಟ್ಟು. ಬಿಡುವವರನ್ನು ಇನ್ನು ನಾನೇ ಬಿಡಬೇಕು; ಬಸ್ಸಿನಲ್ಲಿ ಗಾಯದ ಸಿಪ್ಪೆ ಕೀಳುತ್ತಿದ್ದವಳು ಉಳಿಯುವುದಿಲ್ಲವೆಂದು ಆಗಲೇ ಗೊತ್ತಿತ್ತು.

ಜಾಧವ ಸರ್ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದರು. ಹತ್ತಿರ ಹೋದೆ. ಎರಡು ಚೆಂಡು ಹೆಕ್ಕಿ ಕೊಟ್ಟೆ. ಅವರು ಚೀಲದ ಬಾಯಿ ಕಟ್ಟಿ, ಅದನ್ನು ನನ್ನ ಕೈಗಿಟ್ಟರು.

"ವೈಶಾಲಿಯ ಎಡಗಾಲು ಉಳುಕುತ್ತದೆ ವಹಿನಿ. ಮಳೆಗಾಲದಲ್ಲಿ ಜಾಸ್ತಿ ಓಡಿಸಬೇಡಿ. ಬೈದರೆ ಆಡುವುದಿಲ್ಲ, ರೇಗಿಸಿದರೆ ಆಡುತ್ತಾಳೆ."

ಹೋದರು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇದು: ಎಲ್ಲಿಂದ ಎಷ್ಟು ಕಲಿತು ಬಂದರೂ, ನಿಮ್ಮ ಮಕ್ಕಳನ್ನು ನಿಮಗಿಂತ ಮೊದಲು ಬೆಳೆಸಿದವರೊಬ್ಬರು ಇರುತ್ತಾರೆ. ಅವರು ಹೋಗುವ ಮೊದಲು ಕೇಳಬೇಕಾದ್ದನ್ನು ಕೇಳಿಕೊಳ್ಳಿ. ಅಂದು ನಾನು ಇನ್ನೂ ಎಷ್ಟೋ ಕೇಳಬೇಕಿತ್ತು. ಚೆಂಡಿನ ಚೀಲ ಹಿಡಿದುಕೊಂಡು ನಿಂತುಬಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಾಗ ಮಾಲನ ಮಾವಶಿ ಗೋಡೆಯ ಆಚೆ ಕಟ್ಟೆಯ ಮೇಲೆ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದರು. ವೈಶಾಲಿ ಆಗಲೇ ಎಲ್ಲ ಹೇಳಿಬಿಟ್ಟಿದ್ದಳು.

"ಮಾವಶಿ, ಅಕಿಗೆ ಕನ್ನಡ ತಿಳೀತೈತಿ ಅಂತ ನೀವರ ಒಂದ ಮಾತ ಹೇಳಬಾರದಾಗಿತ್ತೇನ್ರಿ?"

"ತಿಳಿಯೂದಿಲ್ಲ ಅಂತ ನಿನಗ ಯಾರ ಹೇಳಿದ್ರವಾ?" ಎಂದರು ಮಾವಶಿ. ಒಂದು ಹಳದಿ ಎಲೆ ಕಿತ್ತು ಬಿಸಾಡಿ, ಕಡ್ಡಿಗಳನ್ನು ಬೇರೆ ಮಾಡಿದರು. ಆಮೇಲೆ ತಲೆ ಎತ್ತದೆಯೇ ಕೇಳಿದರು:

"ಅದ ಹೋಗ್ಲಿ. ಇಷ್ಟ ದಿನ ನಮಗ ಸೋಲ್ತಿದ್ದಿ. ಈಗ ಎಲ್ಲಾರೂ ಒಂದ ಆದ್ರಿ. ಮುಂದಿನ ವರ್ಷ ಯಾರಿಗೆ ಸೋಲಾಕಿ?"